ತೈಕೊ ಬಾರಿಸುವ ಹೆಂಗಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡದ ಗೆಳತಿಯರು, ಊರಿನಿಂದ ಫೋನ್ ಮಾಡುವ ಅಕ್ಕ, ಅತ್ತಿಗೆಯರು, ಕನ್ನಡ ಕೂಟದ ಊಟದ ಸಾಲಿನಲ್ಲಿ ಸಿಗುವವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಟೈಪ್ ಮಾಡುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ನಾನು ಕಲಿಸುವವಳಲ್ಲ, ತೈಕೊ ಎಂಬ ಜಪಾನಿ ಡ್ರಮ್ಮನ್ನು ಒಂದು ಮಹಿಳಾ ತಂಡದ ಹಿಂದಿನ ಸಾಲಿನಲ್ಲಿ ನಿಂತು ಬಾರಿಸುವವಳು. ಉತ್ತರಗಳನ್ನು ಆ ಲೆಕ್ಕದಲ್ಲೇ ಓದಿಕೊಳ್ಳಿ.

ತೈಕೊ ಅಂದರೆ ಯಾವ ವಾದ್ಯ?

ಜಪಾನಿನಲ್ಲಿ ಚರ್ಮ ಬಿಗಿದ ಯಾವ ಡ್ರಮ್ಮಾದರೂ ತೈಕೊ. ಹೊರದೇಶಗಳಲ್ಲಿ ಮಾತ್ರ, ಹತ್ತಾರು ಜನ ಸಾಲಾಗಿ ನಿಂತು ಕೋಲು ಹಿಡಿದು ಬಾರಿಸುವ ಕಲೆಗೇ ಆ ಹೆಸರು ಅಂಟಿಕೊಂಡಿದೆ. ಆ ಗುಂಪು ವಾದನವನ್ನು ಜಪಾನಿಯರು ಕುಮಿದೈಕೊ ಎನ್ನುತ್ತಾರೆ.

ನೀವು ವಿಡಿಯೊಗಳಲ್ಲಿ ಹೆಚ್ಚಾಗಿ ನೋಡುವ ಪೀಪಾಯಿ ಆಕಾರದ ಡ್ರಮ್ಮು ನಗಾಡೊ. ಒಂದೇ ಮರದ ದಿಮ್ಮಿಯನ್ನು ಒಳಗಿನಿಂದ ಕೊರೆದು ಮಾಡುತ್ತಾರೆ. ಕೆಯಾಕಿ ಮರದ್ದಾದರೆ ಶ್ರೇಷ್ಠ. ಎರಡೂ ಬದಿಗೆ ದನದ ಚರ್ಮ, ಅಂಚಿನಲ್ಲಿ ದಪ್ಪ ತಲೆಯ ಮೊಳೆಗಳ ಸಾಲು. ಶಿಮೆ ಎಂಬ ಚಿಕ್ಕ ಡ್ರಮ್ಮನ್ನು ಹಗ್ಗದಿಂದಲೋ ಬೋಲ್ಟಿನಿಂದಲೋ ಬಿಗಿ ಮಾಡಿರುತ್ತಾರೆ. ಅದರದ್ದು ಚುರುಕು ಸದ್ದು, ಇಡೀ ತಂಡಕ್ಕೆ ತಾಳ ಹಿಡಿಯುವ ಕೆಲಸ ಅದರದ್ದೇ. ಒಕೆದೊ ಹಗುರ, ಹೆಗಲಿಗೆ ನೇತುಹಾಕಿಕೊಂಡು ಕುಣಿಯುತ್ತಾ ಬಾರಿಸಬಹುದು. ಎಲ್ಲಕ್ಕಿಂತ ದೊಡ್ಡದು ಒದೈಕೊ. ಕೆಲವು ನೂರಾರು ಕಿಲೊ ತೂಗುತ್ತವೆ. ಬಾರಿಸುವ ಕೋಲಿಗೆ ಬಾಚಿ ಎಂದು ಹೆಸರು.

ಇದು ಸಾವಿರಾರು ವರ್ಷಗಳ ಪರಂಪರೆಯಂತೆ, ನಿಜವೇ?

ಡ್ರಮ್ಮು ಹಳೆಯದು, ಗುಂಪು ಹೊಸದು. ದೇಗುಲ, ಊರಹಬ್ಬ, ನೋ ಮತ್ತು ಕಾಬುಕಿ ನಾಟಕ, ರಣರಂಗ ಎಲ್ಲೆಡೆ ತೈಕೊ ಶತಮಾನಗಳಿಂದ ಇತ್ತು. ಆದರೆ ಬೇರೆ ಬೇರೆ ಗಾತ್ರದ ಡ್ರಮ್ಮುಗಳನ್ನು ಒಂದೇ ವೇದಿಕೆಯಲ್ಲಿ ಜೋಡಿಸಿ, ಒಬ್ಬೊಬ್ಬರಿಗೂ ಒಂದೊಂದು ಪಾಲು ಕೊಟ್ಟು ಬಾರಿಸುವ ಕ್ರಮ ಹುಟ್ಟಿದ್ದು 1951ರಲ್ಲಿ, ನಾಗಾನೊ ಪ್ರಾಂತ್ಯದಲ್ಲಿ. ಹುಟ್ಟುಹಾಕಿದವರು ದೈಹಾಚಿ ಒಗುಚಿ ಎಂಬ ಜಾಝ್ ಡ್ರಮ್ಮರ್. ಸುವಾ ದೇಗುಲದ ಹಳೆಯ ತಾಳಲಿಪಿಯೊಂದು ಅವರ ಕೈಗೆ ಬಂದಾಗ, ಇದನ್ನು ಒಂದೇ ಡ್ರಮ್ಮಿನಲ್ಲಿ ಯಾಕೆ ಬಾರಿಸಬೇಕು ಅನ್ನಿಸಿತು. ಜಾಝ್ ಸೆಟ್ಟಿನಲ್ಲಿ ಒಬ್ಬನೇ ನಾಲ್ಕಾರು ಡ್ರಮ್ಮು ನೋಡಿಕೊಳ್ಳುವ ಕೆಲಸವನ್ನು ಅವರು ಅಷ್ಟೂ ಜನರಿಗೆ ಹಂಚಿಬಿಟ್ಟರು. ಕರ್ನಾಟಕ ಏಕೀಕರಣಕ್ಕಿಂತ ಇದು ಐದೇ ವರ್ಷ ಹಿರಿಯದು.

1959ರಲ್ಲಿ ಟೋಕಿಯೊದ ಸುಕೆರೊಕು ತಂಡ ಬಂತು. 1969ರಲ್ಲಿ ಸಾದೊ ದ್ವೀಪದಲ್ಲಿ ದೆನ್ ತಗಾಯಾಸು ಒಂದೆಕೊಜಾ ಕಟ್ಟಿದರು. ಈ ತಂಡದವರು ಒಟ್ಟಿಗೆ ಬದುಕಿ, ಮೈಲಿಗಟ್ಟಲೆ ಓಡಿ, ಆಮೇಲೆ ಬಾರಿಸುತ್ತಿದ್ದರು. 1975ರ ಬೋಸ್ಟನ್ ಮ್ಯಾರಥಾನ್ ಓಡಿ ಮುಗಿಸಿ ಅಲ್ಲೇ ಡ್ರಮ್ಮಿಗೆ ಕೈ ಹಾಕಿದವರು ಇವರು. ಆ ತಂಡದಿಂದ ಹೊರಬಂದವರೇ 1981ರಲ್ಲಿ ಬರ್ಲಿನ್‌ನಲ್ಲಿ ಕೊದೊ ಹೆಸರಿನಲ್ಲಿ ವೇದಿಕೆ ಏರಿದ್ದು. ಇಂದು ಜಗತ್ತಿನ ಬಹುಪಾಲು ಜನರ ಕಣ್ಣಲ್ಲಿರುವ ತೈಕೊ ಚಿತ್ರ ಕೊದೊ ಕೊಟ್ಟದ್ದು.

ಹೆಂಗಸರು ಮೊದಲಿನಿಂದಲೂ ಬಾರಿಸುತ್ತಿದ್ದರೇ?

ಪುರಾಣ ಕೇಳಿದರೆ ಮೊದಲು ಸದ್ದು ಮಾಡಿದ್ದೇ ಹೆಣ್ಣು. 712ರಲ್ಲಿ ಬರೆಯಲಾದ ಕೊಜಿಕಿ ಗ್ರಂಥದ ಪ್ರಕಾರ ಸೂರ್ಯದೇವಿ ಅಮತೆರಾಸು ಮುನಿದು ಗುಹೆ ಸೇರಿಕೊಂಡಳು, ಲೋಕ ಕತ್ತಲಾಯಿತು. ಆಗ ಉಜುಮೆ ಎಂಬ ದೇವತೆ ಒಂದು ತೊಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ದಡದಡ ಕಾಲು ಬಡಿದು ಕುಣಿದಳು. ದೇವತೆಗಳೆಲ್ಲ ಬಿದ್ದು ಬಿದ್ದು ನಕ್ಕರು. ಹೊರಗೇನು ಗದ್ದಲ ಎಂದು ಅಮತೆರಾಸು ಇಣುಕಿದಳು, ಬೆಳಕು ಬಂತು. ಎಷ್ಟೋ ತೈಕೊ ತಂಡಗಳು ತಮ್ಮ ಕಥೆಯನ್ನು ಇಲ್ಲಿಂದಲೇ ಶುರು ಮಾಡುತ್ತವೆ.

ಪುರಾಣ ಬಿಟ್ಟು ಊರಿಗೆ ಬಂದರೆ ಕಥೆ ಬೇರೆ. ಅನೇಕ ಹಬ್ಬಗಳಲ್ಲಿ ದೇವರ ಡ್ರಮ್ಮನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ಕಾರಣ ಮೈಲಿಗೆ, ಮುಟ್ಟಿನ ರಕ್ತ. ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ವೇದಿಕೆಯ ತೈಕೊ ಬಂದ ಮೇಲೂ ಬಹುಕಾಲ ಹೆಂಗಸರ ಪಾಲಿಗೆ ಹೆಚ್ಚಾಗಿ ಉಳಿದದ್ದು ಕೊಳಲು, ಹಾಡು, ಕುಣಿತ. ದೊಡ್ಡ ಒದೈಕೊ ಎದುರು ಲಂಗೋಟಿ ತೊಟ್ಟು, ಬೆನ್ನಿನ ಸ್ನಾಯು ಕುಣಿಸುತ್ತಾ ನಿಂತ ಗಂಡಸೇ ತೈಕೊದ ಪೋಸ್ಟರ್ ಆದ. ಆ ಚಿತ್ರ ಭವ್ಯವಾಗಿಯೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ತೈಕೊದ ಇಡೀ ರೂಪ ಎಂದು ನಂಬಿಸಿದ್ದು ಹೆಂಗಸರಿಗೆ ದುಬಾರಿಯಾಯಿತು.

ಇದಕ್ಕೆ ಹೊರತಾದ ಒಂದು ಜಾಗ ನನಗೆ ಬಲು ಇಷ್ಟ. ಟೋಕಿಯೊದ ದಕ್ಷಿಣಕ್ಕೆ ಸಮುದ್ರದ ನಡುವೆ ಇರುವ ಹಾಚಿಜೊ ದ್ವೀಪ ಎದೊ ಕಾಲದಲ್ಲಿ (17ರಿಂದ 19ನೇ ಶತಮಾನ) ಗಡೀಪಾರಾದವರನ್ನು ಕಳಿಸುತ್ತಿದ್ದ ಜಾಗ. ಅಲ್ಲಿ ಹೆಂಗಸರು ಧಾರಾಳವಾಗಿ ತೈಕೊ ಬಾರಿಸುತ್ತಿದ್ದರು. ಒಂದೇ ಡ್ರಮ್ಮು, ಎರಡು ಮುಖ, ಇಬ್ಬರು. ಒಬ್ಬಳು ಬಿಡದೆ ಅಡಿತಾಳ ಹಿಡಿಯುತ್ತಾಳೆ, ಇನ್ನೊಬ್ಬಳು ಅದರ ಮೇಲೆ ಮನಸ್ಸಿಗೆ ಬಂದದ್ದನ್ನು ಹೆಣೆಯುತ್ತಾಳೆ. ಅಡಿತಾಳದವಳು ಕೊಂಚ ವೇಗ ಬದಲಿಸಿದರೆ ಮೇಲಿನವಳ ಮಾತೇ ಬದಲಾಗುತ್ತದೆ. ಕೊದೊ ತಂಡದ ಸ್ಥಾಪಕ ಸದಸ್ಯೆ ಚಿಯೆಕೊ ಕೊಜಿಮಾ ಈ ಶೈಲಿಯನ್ನು ನೃತ್ಯದ ಜೊತೆ ಬೆಸೆದು ಬೇರೆ ದೇಶಗಳ ಹೆಂಗಸರಿಗೂ ಕಲಿಸಿದ್ದಾರೆ. ಒದೈಕೊ ನೋಡಿ ಬೆದರಿದವರು ಮೊದಲು ಹಾಚಿಜೊ ಶೈಲಿ ಕಲಿಯಲಿ ಎನ್ನುತ್ತೇನೆ ನಾನು.

ಆಮೇಲೆ ದಾರಿ ತೆರೆಯಿತು. ಇಶಿಕಾವಾದಲ್ಲಿ ಹೊನೊ ದೈಕೊ ಎಂಬ ಮಹಿಳಾ ತಂಡ ಹುಟ್ಟಿತು. ಟೋಕಿಯೊದಲ್ಲಿ 1997ರಲ್ಲಿ ಕಾಓರಿ ಅಸಾನೊ ಗೊಕೂ ತಂಡ ಕಟ್ಟಿದರು. ಕೆನಡಾದ ವ್ಯಾಂಕೂವರ್‌ನಲ್ಲಿ ಸಾವಾಗಿ ತೈಕೊ, ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಟಿಫನಿ ತಮರಿಬುಚಿ ಅವರ ತಂಡಗಳು ಬಂದವು. 2020ರ ಫೆಬ್ರವರಿ 29ರಂದು, ಕೊರೋನಾ ಎಲ್ಲಕ್ಕೂ ಬೀಗ ಹಾಕುವ ಕೆಲವೇ ದಿನ ಮೊದಲು, ಜಪಾನ್ ಮತ್ತು ಉತ್ತರ ಅಮೆರಿಕದ ಹೆಸರಾಂತ ಮಹಿಳಾ ವಾದಕರು ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಒಂದೇ ವೇದಿಕೆಯಲ್ಲಿ ಕಛೇರಿ ಕೊಟ್ಟರು. ಕೊಜಿಮಾ, ಅಸಾನೊ, ತಮರಿಬುಚಿ ಮೂವರೂ ಅದರಲ್ಲಿದ್ದರು.

ಅಮೆರಿಕದ ತಂಡಗಳಲ್ಲಿ ಹೆಂಗಸರೇ ಹೆಚ್ಚು ಕಾಣುತ್ತಾರಲ್ಲ, ಯಾಕೆ?

ಉತ್ತರ ಅಮೆರಿಕದಲ್ಲಿ ಬಾರಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಕಾರಣ ತಿಳಿಯಲು 1942ಕ್ಕೆ ಹೋಗಬೇಕು. ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದ ಆ ವರ್ಷ ಅಮೆರಿಕ ಸರ್ಕಾರ ತನ್ನದೇ ನೆಲದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳು. ಹೊರಬಂದ ಪೀಳಿಗೆ ತಲೆ ತಗ್ಗಿಸಿ, ಸದ್ದಿಲ್ಲದೆ ಬದುಕುವುದನ್ನು ಕಲಿತಿತ್ತು. ಅವರ ಮಕ್ಕಳು 60, 70ರ ದಶಕದಲ್ಲಿ ಬೆಳೆದವರು. ನಾಗರಿಕ ಹಕ್ಕುಗಳ ಹೋರಾಟ, ವಿಯೆಟ್ನಾಂ ಯುದ್ಧದ ವಿರೋಧ, ಮಹಿಳಾ ಚಳವಳಿ ಎಲ್ಲವನ್ನೂ ಹತ್ತಿರದಿಂದ ಕಂಡವರು. ಅವರಿಗೆ ಸದ್ದು ಬೇಕಿತ್ತು.

ಜಪಾನಿನಿಂದ ಬಂದ ಸೆಯಿಚಿ ತನಾಕಾ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೈಕೊ ಶಾಲೆ ತೆರೆದರು. 1969ರಲ್ಲಿ ಲಾಸ್ ಏಂಜಲೀಸ್‌ನ ಬೌದ್ಧ ದೇಗುಲವೊಂದರಲ್ಲಿ ಕಿನ್ನಾರ ತೈಕೊ, 1973ರಲ್ಲಿ ಇಲ್ಲೇ ಸ್ಯಾನ್ ಹೋಸೆಯ ಬೌದ್ಧ ದೇಗುಲದ ಯುವಜನರಿಂದ ಸ್ಯಾನ್ ಹೋಸೆ ತೈಕೊ ಹುಟ್ಟಿದವು. ಸ್ಯಾನ್ ಹೋಸೆ ತಂಡವನ್ನು ಬೆಳೆಸಿದ ಪಿ.ಜೆ. ಹಿರಬಯಾಶಿ ಮತ್ತು ರಾಯ್ ಹಿರಬಯಾಶಿ ದಂಪತಿಗೆ 2011ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವ ಸಂದಿತು. ಗೊಂಬೆಯಂಥವಳು, ಮೆಲುಮಾತಿನವಳು ಎಂದು ಏಷ್ಯಾದ ಹೆಣ್ಣಿಗೆ ಹಚ್ಚಿದ್ದ ಹಣೆಪಟ್ಟಿ ಈ ಹೆಣ್ಣುಮಕ್ಕಳಿಗೆ ಸಾಕಾಗಿಹೋಗಿತ್ತು. ಕಾಲು ಅಗಲಿಸಿ ನಿಂತು, ಬೆವರು ಸುರಿಸಿ, ಬಾಯಿಬಿಟ್ಟು ಕೂಗಿ ಬಾರಿಸುವ ಕಲೆ ಅದಕ್ಕೆ ನೇರ ಉತ್ತರವಾಯಿತು.

ತೈಕೊ ಧ್ಯಾನವಿದ್ದಂತೆ ಎನ್ನುತ್ತಾರಲ್ಲ, ಇಷ್ಟು ಗದ್ದಲದಲ್ಲಿ ಅದು ಹೇಗೆ ಸಾಧ್ಯ?

ಮೊದಲಿಗೆ ಒಂದು ಮಾತು. ತೈಕೊವನ್ನು ಮನಸ್ಸಿನ ಅಭ್ಯಾಸ ಎಂದು ಕರೆಯುವುದು ಇತ್ತೀಚಿನ, ಹೆಚ್ಚಾಗಿ ಪಶ್ಚಿಮದ ರೂಢಿ. ಹಳೆಯ ಶಿಕ್ಷಕರನ್ನು ಕೇಳಿದರೆ ನಿಲುವು ಸರಿಮಾಡು, ಪಕ್ಕದವರ ಸದ್ದು ಕೇಳು, ಬರುವಾಗ ಹೋಗುವಾಗ ನಮಸ್ಕರಿಸು ಎನ್ನುತ್ತಾರೆ, ಅಷ್ಟೇ. ಆ ಮೂರನ್ನು ಮಾಡುತ್ತಾ ಹೋದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ನನ್ನ ಅನುಭವ.

ಕಣ್ಣು ಮುಚ್ಚಿ ಕೂತರೆ ನನ್ನ ತಲೆಗೆ ಬರುವುದು ದೋಸೆ ಹಿಟ್ಟು, ಮಗನ ಪರೀಕ್ಷೆ, ಆಫೀಸಿನ ಮೇಲ್. ಅದು ಬಂದದ್ದು ಗೊತ್ತಾಗುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಬಾಚಿ ಹಿಡಿದಾಗ ಆ ಸಲಿಗೆ ಇಲ್ಲ. ಮನಸ್ಸು ಒಂದು ಮಾತ್ರೆಯಷ್ಟು ಆಚೆ ಹೋದರೂ ಕೈ ಎಲ್ಲರೂ ಸುಮ್ಮನಿರುವ ಜಾಗದಲ್ಲಿ ಬಡಿಯುತ್ತದೆ, ಇಡೀ ಕೋಣೆಗೆ ಕೇಳುತ್ತದೆ. ಯಾರೂ ಬಯ್ಯುವುದಿಲ್ಲ. ಆದರೂ ಮನಸ್ಸು ಬಾಲ ಮುದುರಿಕೊಂಡು ವಾಪಸ್ ಬರುತ್ತದೆ.

ಆ ಸುಮ್ಮನಿರುವ ಜಾಗಕ್ಕೆ ಜಪಾನಿಯರು ಮಾ ಎನ್ನುತ್ತಾರೆ. ಎರಡು ಪೆಟ್ಟುಗಳ ನಡುವಿನ ತೆರಪು. ನಮ್ಮ ಒಂದು ಅಭ್ಯಾಸ ಹೀಗಿದೆ: ಹನ್ನೆರಡು ಮಂದಿ ಎರಡೂ ಕೈ ಮೇಲೆತ್ತಿ ನಿಲ್ಲುತ್ತೇವೆ. ಯಾರೂ ಎಣಿಸುವುದಿಲ್ಲ, ಯಾರೂ ಸನ್ನೆ ಮಾಡುವುದಿಲ್ಲ. ಒಟ್ಟಿಗೆ ಒಂದೇ ಪೆಟ್ಟು ಬೀಳಬೇಕು. ಮನಸ್ಸಿನಲ್ಲಿ ಎಣಿಸುತ್ತಾ ನಿಂತವರು ಮುಂಚೆ ಹೊಡೆಯುತ್ತಾರೆ, ನೋಡಿ ಹೊಡೆಯೋಣ ಎಂದವರು ತಡವಾಗುತ್ತಾರೆ. ಪಕ್ಕದವಳು ಉಸಿರು ಒಳಗೆಳೆದುಕೊಳ್ಳುವುದನ್ನು ಕೇಳಿಸಿಕೊಂಡು, ಅವಳ ಜೊತೆ ನಾವೂ ಎಳೆದುಕೊಂಡರೆ ಮಾತ್ರ ಪೆಟ್ಟು ಒಂದಾಗುತ್ತದೆ. ಡ್ರಮ್ಮು ಬಾರಿಸಲು ಬಂದವರು ಮೊದಲು ಕಲಿಯುವುದು ಇನ್ನೊಬ್ಬರ ಉಸಿರು ಕೇಳುವುದನ್ನು. ಕೊರೋನಾ ಕಾಲದಲ್ಲಿ ಎಷ್ಟೋ ತಂಡಗಳು ಜೂಮ್‌ನಲ್ಲಿ ದಿಂಬು ಬಡಿದು ಅಭ್ಯಾಸ ಮಾಡಿದವು. ಸದ್ದು ಅರೆಕ್ಷಣ ತಡವಾಗಿ ಬರುತ್ತಿದ್ದುದರಿಂದ ಕೈಗೆ ಅಭ್ಯಾಸವಾಯಿತೇ ಹೊರತು ಉಸಿರು ಕೇಳುವುದು ಮಾತ್ರ ದಕ್ಕಲಿಲ್ಲ.

ಒಂದು ತರಗತಿಯಲ್ಲಿ ಏನೇನು ನಡೆಯುತ್ತದೆ?

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಬಾಗಿ ಒಳಗೆ. ನೆಲ ಒರೆಸುವುದು, ಡ್ರಮ್ಮು ಹೊತ್ತು ತರುವುದು, ಸ್ಟ್ಯಾಂಡ್ ಜೋಡಿಸುವುದು ಎಲ್ಲರ ಕೆಲಸ. ಬ್ಯಾಂಕಿನ ಮ್ಯಾನೇಜರ್ ಆದರೂ ಅಷ್ಟೇ, ಕಾಲೇಜು ಹುಡುಗಿಯಾದರೂ ಅಷ್ಟೇ. ಎಲ್ಲರೂ ಒನೆಗೈಶಿಮಾಸು (ದಯವಿಟ್ಟು ಎಂಬಂಥ ವಿನಂತಿ) ಎಂದ ಮೇಲೆ ಮೈ ಸಡಿಲಿಸುವ ವ್ಯಾಯಾಮ.

ಆಮೇಲೆ ನಿಲುವು. ಎಡಗಾಲು ಮುಂದೆ, ಮಂಡಿ ಬಾಗಿಸಿ; ಬಲಗಾಲು ಹಿಂದಕ್ಕೆ ನೀಟಾಗಿ ಚಾಚಿ; ಸೊಂಟ ಕೆಳಗೆ, ಬೆನ್ನು ನೆಟ್ಟಗೆ. ಇದಕ್ಕೆ ಕಾತಾ ಎನ್ನುತ್ತಾರೆ. ಹೊಸಬರು ಬಾಚಿಯನ್ನು ಬಿಗಿಯಾಗಿ ಹಿಡಿದು ತೋಳಿನ ಬಲದಿಂದ ಗುದ್ದುತ್ತಾರೆ, ಸದ್ದು ಸತ್ತು ಬೀಳುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಳಿದ ಬೆರಳು ಸಡಿಲ ಬಿಟ್ಟರೆ ಚರ್ಮವೇ ಕೋಲನ್ನು ವಾಪಸ್ ಎಸೆಯುತ್ತದೆ. ಬಲ ಬರಬೇಕಾದ್ದು ಹೊಟ್ಟೆಯ ಕೆಳಭಾಗದಿಂದ.

ಅಡಿತಾಳದ ಮೇಲೆ ಸುತ್ತು ಸುತ್ತು ಅಭ್ಯಾಸ, ಆಮೇಲೆ ರಚನೆ. ಕೊನೆಗೆ ಅರಿಗಾತೊ ಗೊಜೈಮಾಶಿತಾ ಎಂಬ ಧನ್ಯವಾದ, ಮತ್ತೆ ಡ್ರಮ್ಮು ಹೊರುವ ಕೆಲಸ.

ನನಗೆ ಸಂಗೀತ ಬರುವುದಿಲ್ಲ, ತಾಳಜ್ಞಾನವೂ ಇಲ್ಲ. ಸೇರಬಹುದೇ?

ಸೇರಬಹುದು. ಬರಹದ ಲಿಪಿ ಓದಬೇಕಾಗಿಲ್ಲ, ಎಲ್ಲವನ್ನೂ ಬಾಯಲ್ಲಿ ಹೇಳಿಸಿಯೇ ಕಲಿಸುತ್ತಾರೆ. ನಡುವೆ ಹೊಡೆದ ದೊಡ್ಡ ಪೆಟ್ಟಿಗೆ ದೊನ್, ಬೇಗ ಬೇಗ ಎರಡಾದರೆ ದೊಕೊ, ಅಂಚಿಗೆ ಹೊಡೆದರೆ ಕಾ, ಎರಡಾದರೆ ಕಾರಾ, ಸುಮ್ಮನಿರುವ ಮಾತ್ರೆಗೆ ಸು. ದೊನ್ ದೊನ್ ದೊಕೊ ದೊನ್ ಎಂದು ಹೇಳಲು ಬಂದರೆ ಕೈಗೂ ಬರುತ್ತದೆ. ಇದಕ್ಕೆ ಕುಚಿಶೊಗಾ ಎಂದು ಹೆಸರು.

ಮೃದಂಗ ಕಲಿತಿದ್ದೇನೆ, ಭರತನಾಟ್ಯ ಬರುತ್ತದೆ. ಉಪಯೋಗ ಆಗುತ್ತದೆಯೇ?

ಸೊಲ್ಲುಕಟ್ಟು ಬಲ್ಲವರಿಗೆ ಕುಚಿಶೊಗಾ ಒಂದೇ ವಾರದಲ್ಲಿ ಬಾಯಿಗೆ ಹತ್ತುತ್ತದೆ. ತ ಕ ಧಿ ಮಿ ಹೇಳಿ ಬೆಳೆದ ನಾಲಿಗೆಗೆ ದೊನ್ ದೊಕೊ ದೊಡ್ಡದಲ್ಲ. ಅರಮಂಡಿಯಲ್ಲಿ ಕೂತು ಅಭ್ಯಾಸವಿದ್ದರೆ ತೊಡೆಗೂ ಕಷ್ಟವಿಲ್ಲ.

ತೊಂದರೆ ಬರುವುದು ಬೇರೆಡೆ. ನಮಗೆ ಬೆರಳಿನ ಸೂಕ್ಷ್ಮ, ಲೆಕ್ಕಾಚಾರ, ಮುಕ್ತಾಯ ಕೊಟ್ಟು ಸಮಕ್ಕೆ ಬಂದು ಬೀಳುವ ಖುಷಿ ಮುಖ್ಯ. ತೈಕೊ ಕೇಳುವುದು ತೋಳು ಪೂರ್ತಿ ಎತ್ತಿ ಹೊಡೆದ ಒಂದೇ ಒಂದು ಪೆಟ್ಟು, ಅದರ ಜೊತೆ ಮೈ ಹೇಗೆ ಕಾಣುತ್ತದೆ ಎಂಬುದು. ಮೃದಂಗ ಬಲ್ಲವರಿಗೆ ಮೊದಮೊದಲು ಇಷ್ಟೇನಾ ಅನ್ನಿಸುತ್ತದೆ. ಅದೇ ಇಷ್ಟನ್ನು ಹತ್ತು ಜನರ ಜೊತೆ ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಬಾರಿಸಿ ಎಂದಾಗ ತಿಳಿಯುತ್ತದೆ.

ಕೂಗಬೇಕಂತೆ. ನನಗೆ ನಾಚಿಕೆ.

ಎಲ್ಲರಿಗೂ ನಾಚಿಕೆಯೇ. ಕಿಯಾಯ್ ಎಂದು ಅದಕ್ಕೆ ಹೆಸರು: ಹೊಟ್ಟೆಯಿಂದ ಬರುವ ಸೊರೆ, ಹಾ, ಯೊ ಎಂಬ ಕೂಗು. ತಾಳದ ಸುಳಿವು ಕೊಡಲು, ದಣಿದವಳನ್ನು ಎಬ್ಬಿಸಲು, ಒಬ್ಬಳ ಸರದಿ ಬಂದಾಗ ಹುರಿದುಂಬಿಸಲು ಬೇಕೇ ಬೇಕು.

ಡ್ರಮ್ಮು ಬಾರಿಸುವುದು ಒಂದೆರಡು ತಿಂಗಳಲ್ಲಿ ಬರುತ್ತದೆ, ಕೂಗುವುದಕ್ಕೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಹೆಣ್ಣುಮಗಳ ದನಿ ಹೊಸಿಲು ದಾಟಬಾರದು ಎಂದು ಕೇಳಿಕೊಂಡೇ ದೊಡ್ಡವರಾದವರು ನಾವು. ನಮ್ಮ ತಂಡದಲ್ಲಿ ಅರವತ್ತು ದಾಟಿದ ಒಬ್ಬ ಕನ್ನಡದ ಅಮ್ಮ ಇದ್ದಾರೆ, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮೊದಲು ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಈಗ ಅವರ ಒಂದು 'ಹಾ'ಗೆ ಮುಂದಿನ ಸಾಲಿನವರು ಬೆಚ್ಚಿಬೀಳುತ್ತಾರೆ. "ಮೂವತ್ತು ವರ್ಷ ಮಕ್ಕಳನ್ನ ಗದರಿಸಿದ್ದು ಈಗ ಕೆಲಸಕ್ಕೆ ಬಂತು ಕಣೇ" ಎನ್ನುತ್ತಾರೆ.

ಮಹಿಳೆಯರಿಗೇ ಪ್ರತ್ಯೇಕ ತಂಡ ಯಾಕೆ? ಗಂಡಸರ ಜೊತೆ ಬಾರಿಸಬಾರದೇ?

ಧಾರಾಳವಾಗಿ ಬಾರಿಸಬಹುದು, ಹೆಚ್ಚಿನ ತಂಡಗಳು ಕೂಡುತಂಡಗಳೇ. ಆದರೆ ಮಿಶ್ರ ಗುಂಪಿನಲ್ಲಿ ದೊಡ್ಡ ಡ್ರಮ್ಮು ಎತ್ತಬೇಕಾದಾಗ "ಬಿಡಿ, ನಾವು ನೋಡಿಕೊಳ್ತೀವಿ" ಎಂದು ಯಾರಾದರೂ ಮುಂದೆ ಬಂದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಹಾಗೆಯೇ ಒದೈಕೊ ಎದುರಿನ ಜಾಗವೂ ಹೋಗುತ್ತದೆ. ಹೆಂಗಸರೇ ಇದ್ದರೆ ಎತ್ತುವವರೂ ನಾವೇ, ಎದುರು ನಿಲ್ಲುವವರೂ ನಾವೇ. ಮೊದಲ ಕೆಲವು ವರ್ಷ ಇಂಥದ್ದೊಂದು ಜಾಗ ಸಿಗುವುದು ಒಳ್ಳೆಯದು ಎಂದು ನನ್ನ ಎಣಿಕೆ.

ತಂಡದಲ್ಲಿ ಜಗಳ ಆಗುವುದಿಲ್ಲವೇ?

ಆಗದೆ ಏನು! ನಡುವಿನ ಜಾಗ ಯಾರಿಗೆ, ಕಾರ್ಯಕ್ರಮದ ದಿನ ಬಂದು ಬಾರಿಸಿ ಡ್ರಮ್ಮು ಕಟ್ಟುವ ಹೊತ್ತಿಗೆ ಮಾಯವಾಗುವವರು ಯಾರು, ಅಭ್ಯಾಸಕ್ಕೆ ತಪ್ಪಿಸಿಕೊಂಡವಳಿಗೆ ಸೋಲೊ ಯಾಕೆ ಕೊಟ್ಟಿರಿ, ಇವೇ ನಿತ್ಯದ ಜಗಳಗಳು. ಸೋದರಿತ್ವ ಎಂದು ಕರಪತ್ರದಲ್ಲಿ ಅಚ್ಚು ಹಾಕಿದರೆ ಅದು ಬಂದುಬಿಡುವುದಿಲ್ಲ. ಮುನಿಸಿಕೊಂಡ ಇಬ್ಬರು ಒಂದೇ ನಗಾಡೊವನ್ನು ಆ ಕಡೆ ಈ ಕಡೆ ಹಿಡಿದು ಮೆಟ್ಟಿಲಿಳಿಸಬೇಕಾದಾಗ ಮಾತಾಡಲೇಬೇಕು: "ಇನ್ನೊಂದು ಮೆಟ್ಟಿಲು ಇದೆ, ನೋಡ್ಕೊಳಿ." ಅರ್ಧ ರಾಜಿ ಅಲ್ಲೇ ಆಗಿರುತ್ತದೆ. ವಲಸೆ ಬಂದ ಊರಿನಲ್ಲಿ ಮಗುವಿಗೆ ಜ್ವರ ಎಂದಾಗ ಸಾರು ತಂದುಕೊಟ್ಟವರು, ವೀಸಾ ಚಿಂತೆ ಹೇಳಿಕೊಳ್ಳಲು ಸಿಕ್ಕವರು ನನಗೆ ಈ ತಂಡದವರೇ. ಅದು ಡ್ರಮ್ಮಿನ ಮಾಯೆಯೋ, ವಾರವಾರ ತಪ್ಪದೆ ಒಂದೆಡೆ ಸೇರುವುದರ ಫಲವೋ ಎಂದರೆ ಎರಡನೆಯದಕ್ಕೇ ನನ್ನ ಮತ.

ಒತ್ತಡ, ಖಿನ್ನತೆ ಕಡಿಮೆಯಾಗುತ್ತದೆಯೇ?

2016ರಲ್ಲಿ ಲಂಡನ್‌ನ ಸಂಶೋಧಕರು ಮಾನಸಿಕ ಆರೋಗ್ಯ ಸೇವೆ ಪಡೆಯುತ್ತಿದ್ದವರ ಒಂದು ಗುಂಪಿಗೆ ಹತ್ತು ವಾರ, ವಾರಕ್ಕೊಮ್ಮೆ ಒಂದೂವರೆ ಗಂಟೆ ಡ್ರಮ್ಮು ಕಲಿಸಿ ನೋಡಿದರು. ಖಿನ್ನತೆಯ ಅಂಕ ಸರಾಸರಿ ಶೇ 38ರಷ್ಟು, ಆತಂಕದ್ದು ಶೇ 20ರಷ್ಟು ಇಳಿಯಿತು. ಮೂರು ತಿಂಗಳ ಬಳಿಕವೂ ಆ ಲಾಭ ಉಳಿದಿತ್ತು. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ಬಾರಿಸಿದ್ದು ಪಶ್ಚಿಮ ಆಫ್ರಿಕಾದ ಜೆಂಬೆ, ತೈಕೊ ಅಲ್ಲ, ಗುಂಪೂ ಚಿಕ್ಕದು. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದು ಇನ್ನೊಂದು ಸಂಗತಿ: ಸುಮ್ಮನೆ ಸಂಗೀತ ಕೇಳಿದವರಿಗಿಂತ ಹಾಡಿ, ಕುಣಿದು, ಡ್ರಮ್ಮು ಬಾರಿಸಿದವರ ನೋವು ತಾಳುವ ಶಕ್ತಿ ಹೆಚ್ಚುತ್ತದೆ. ಮೈಯಲ್ಲಿ ಎಂಡಾರ್ಫಿನ್ ಬಿಡುಗಡೆಯಾಗುವುದರ ಕುರುಹು ಅದು ಎಂದು ಅವರ ವಾದ.

ಹಾಗಾಗಿ ಬಾರಿಸಿ ಹೊರಬಂದಾಗ ಮೈ ಹಗುರ ಅನ್ನಿಸುವುದು ಬರೀ ಭ್ರಮೆಯಲ್ಲ. ಆದರೆ ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಬಾಚಿ ಹಿಡಿಯಬೇಡಿ. ತೈಕೊ ಚಿಕಿತ್ಸೆ ಎಂದು ಬೋರ್ಡು ಹಾಕಿ ಖಾಯಿಲೆ ವಾಸಿ ಮಾಡುವ ಭರವಸೆ ಕೊಡುವವರಿಂದ ದೂರವಿರಿ.

ಮುಟ್ಟಿನ ದಿನ, ಬಸಿರು, ಮಂಡಿ ನೋವು, ವಯಸ್ಸು?

ಮುಟ್ಟಿನ ದಿನ ಬಾರಿಸಬಹುದು. ಯಾರೂ ಕೇಳುವುದೂ ಇಲ್ಲ, ಹೇಳಬೇಕಾಗಿಯೂ ಇಲ್ಲ. ಬಸಿರಿದ್ದರೆ ನಿಮ್ಮ ವೈದ್ಯರನ್ನು ಕೇಳಿ, ಭಾರ ಹೊರುವ ಕೆಲಸದಿಂದ ದೂರವಿರಿ. ಹೆರಿಗೆಯಾದ ಮೇಲೆ ಆ ಅಗಲ ನಿಲುವಿಗೆ ಅವಸರದಿಂದ ಮರಳಬೇಡಿ, ಸೊಂಟದ ಕೆಳಗಿನ ಸ್ನಾಯುಗಳಿಗೆ ಹೊತ್ತು ಬೇಕು. ಮಂಡಿ ನೋವಿದ್ದವರು ಎತ್ತರದ ನಿಲುವಿನಲ್ಲಿ ಅಥವಾ ಕೂತು ಶಿಮೆ ಬಾರಿಸುತ್ತಾರೆ. ವಯಸ್ಸಿನ ಮಿತಿ ಇಲ್ಲ. ಅಂಗೈಯಲ್ಲಿ ಬೊಬ್ಬೆ ಬರುವುದು ಖಂಡಿತ. ಮಣಿಕಟ್ಟು ನೋಯತೊಡಗಿದರೆ ಹಿಡಿತ ಬಿಗಿಯಾಗಿರಬಹುದು, ಶಿಕ್ಷಕರಿಗೆ ತೋರಿಸಿ.

ಕಿವಿಗೆ ತೊಂದರೆಯಿಲ್ಲವೇ?

ಇದೆ. ಮುಚ್ಚಿದ ಕೋಣೆಯಲ್ಲಿ ಹತ್ತು ಡ್ರಮ್ಮು ಒಟ್ಟಿಗೆ ಬಾರಿಸಿದರೆ 100 ಡೆಸಿಬಲ್ ಸಲೀಸಾಗಿ ದಾಟುತ್ತದೆ. ಕೆಲಸದ ಜಾಗಕ್ಕೆ ಅಮೆರಿಕದಲ್ಲಿ ಶಿಫಾರಸು ಮಾಡಿರುವ ಮಿತಿ ಎಂಟು ಗಂಟೆಗೆ 85. ಇಯರ್‌ಪ್ಲಗ್ ಹಾಕಿಕೊಳ್ಳಿ; ಸಂಗೀತಗಾರರಿಗೆಂದೇ ಮಾಡಿದವು ಸಿಗುತ್ತವೆ, ಸದ್ದು ತಗ್ಗುತ್ತದೆ, ಪಕ್ಕದವರ ಮಾತೂ ಕೇಳುತ್ತದೆ.

ಡ್ರಮ್ಮು ಕೊಳ್ಳಬೇಕೇ? ಎಷ್ಟು ಖರ್ಚು?

ಬೇಡ. ತಂಡದ ಡ್ರಮ್ಮು ಇರುತ್ತವೆ, ನೀವು ಕೊಳ್ಳಬೇಕಾದ್ದು ಒಂದು ಜೊತೆ ಬಾಚಿ. ಜಪಾನಿನಲ್ಲಿ 1609ರಿಂದ ಡ್ರಮ್ಮು ಮಾಡುತ್ತಿರುವ ಇಶಿಕಾವಾದ ಅಸಾನೊ, 1861ರಲ್ಲಿ ಶುರುವಾದ ಟೋಕಿಯೊದ ಮಿಯಾಮೊತೊ ಉನೊಸುಕೆಯಂಥ ಮನೆತನಗಳಿವೆ. ಅಲ್ಲಿಂದ ತರಿಸಿದ ಒಂದು ಒಳ್ಳೆಯ ನಗಾಡೊಗೆ ಸಾವಿರಾರು ಡಾಲರ್ ಆಗುತ್ತದೆ.

ಅಷ್ಟು ದುಡ್ಡಿಲ್ಲದ ಕ್ಯಾಲಿಫೋರ್ನಿಯಾದ ತಂಡಗಳು ಕಂಡುಕೊಂಡ ಉಪಾಯ ವೈನ್ ಪೀಪಾಯಿ. ಕಿನ್ನಾರ ತಂಡದವರು ಹಾಕಿಕೊಟ್ಟ ದಾರಿ ಇದು. ಹಳೆಯ ಓಕ್ ಪೀಪಾಯಿ ತಂದು, ಹಲಗೆಗಳನ್ನು ಅಂಟಿಸಿ, ಉಜ್ಜಿ ನುಣುಪು ಮಾಡುತ್ತಾರೆ. ಚರ್ಮವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಾಯಿಗೆ ಹೊದಿಸಿ, ಸುತ್ತ ಹಗ್ಗ ಕಟ್ಟಿ, ಕೆಳಗಿನಿಂದ ಕಾರಿನ ಜ್ಯಾಕ್ ಕೊಟ್ಟು ಎಳೆಯುತ್ತಾರೆ. ನಡುನಡುವೆ ಒಬ್ಬರು ಡ್ರಮ್ಮಿನ ಮೇಲೆ ಹತ್ತಿ ನಿಂತು ತುಳಿಯಬೇಕು, ಚರ್ಮ ಸಡಿಲಿಸಿ ಮತ್ತೆ ಬಿಗಿಯಲು. ಬೋರಲು ಹಾಕಿದ ತೊಟ್ಟಿಯ ಮೇಲೆ ಕುಣಿದ ಉಜುಮೆ ನೆನಪಾಗದಿರಲು ಸಾಧ್ಯವಿಲ್ಲ. ಸದ್ದು ಸರಿ ಬಂತು ಅನ್ನಿಸಿದಾಗ ಮೊಳೆ ಹೊಡೆಯುತ್ತಾರೆ. ಒಣಗುವವರೆಗೆ ಗ್ಯಾರೇಜಿನ ವಾಸನೆ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ದನದ ಚರ್ಮವೇ? ನಾವು ಸಸ್ಯಾಹಾರಿಗಳು.

ಹೌದು, ದನದ್ದೇ. ಮನಸ್ಸು ಒಪ್ಪದಿದ್ದರೆ ಸಿಂಥೆಟಿಕ್ ಹೊದಿಕೆಯ ಡ್ರಮ್ಮುಗಳಿವೆ. ಮೃದಂಗ, ತಬಲಾಗಳಿಗೂ ಚರ್ಮವೇ ಬೇಕು ಎಂಬುದನ್ನು ಮರೆತು ಈ ಪ್ರಶ್ನೆ ಕೇಳುವವರೇ ಹೆಚ್ಚು.

ಚರ್ಮದ ಮಾತು ಬಂದಾಗ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಜಪಾನಿನಲ್ಲಿ ಚರ್ಮ ಹದ ಮಾಡಿ ಡ್ರಮ್ಮು ಮಾಡುತ್ತಿದ್ದವರು ಬುರಾಕುಮಿನ್ ಎಂದು ಕರೆಸಿಕೊಂಡ, ಶತಮಾನಗಳಿಂದ ಊರಾಚೆ ಇಡಲ್ಪಟ್ಟ ಸಮುದಾಯದವರು. ಅವರು ಮಾಡಿದ ಡ್ರಮ್ಮು ದೇಗುಲದೊಳಗೆ ಪವಿತ್ರ, ಅವರು ಮಾತ್ರ ಅಸ್ಪೃಶ್ಯರು. ಒಸಾಕಾದ ನಾನಿವಾ ಪ್ರದೇಶದ ಈ ಸಮುದಾಯದ ಯುವಜನರು 1987ರಲ್ಲಿ ಇಕಾರಿ ಎಂಬ ತಂಡ ಕಟ್ಟಿ, ತಾವು ಮಾಡಿದ ಡ್ರಮ್ಮನ್ನು ತಾವೇ ಬಾರಿಸತೊಡಗಿದರು. ತಮಟೆಯ ಚರಿತ್ರೆ ಬಲ್ಲ ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ, ಅಷ್ಟು ತಡವಾಗಿ. ಡ್ರಮ್ಮು ಬಾರಿಸಿ ಮನಶ್ಶಾಂತಿ ಪಡೆಯುವ ನಾವು ಅದನ್ನು ಮಾಡಿದ ಕೈಗಳ ಬಗ್ಗೆ ತಿಳಿದಿರುವುದು ಮರ್ಯಾದೆ.

ತಲೆಬಾಗುವುದು, ನಮಸ್ಕಾರ ಎಲ್ಲ ಧಾರ್ಮಿಕವೇ?

ಹುಟ್ಟು ದೇಗುಲದಲ್ಲಿ, ಈಗ ಮರ್ಯಾದೆಯ ರೂಢಿ. ನಮ್ಮ ತಂಡದಲ್ಲಿ ಎಲ್ಲ ಧರ್ಮದವರೂ ಯಾವ ಧರ್ಮವೂ ಇಲ್ಲದವರೂ ಇದ್ದಾರೆ. ಡ್ರಮ್ಮಿನ ಮೇಲೆ ಕಾಫಿ ಲೋಟ ಇಡಬೇಡಿ, ದಾಟಿ ಹೋಗಬೇಡಿ. ಹಾರ್ಮೋನಿಯಂ ತುಳಿಯಬಾರದು ಎಂದು ಬೆಳೆದವರಿಗೆ ಬೇರೆ ಹೇಳಬೇಕಿಲ್ಲ.

ಜಪಾನಿಯರಲ್ಲದ ನಾವು ಇದನ್ನು ಬಾರಿಸುವುದು ಸರಿಯೇ?

ನಾನು ಕಂಡ ಜಪಾನಿ ಮೂಲದ ಹಿರಿಯರು ಬೇಡ ಎಂದದ್ದಿಲ್ಲ, ಆದರೆ ಕಲಿಯಿರಿ ಎಂದಿದ್ದಾರೆ. ಯಾವ ರಚನೆ ಯಾರದ್ದು, ಯಾವ ಊರಿನ ಹಬ್ಬದ್ದು, ಅದನ್ನು ಬಾರಿಸಲು ಅನುಮತಿ ಬೇಕೇ ಎಂದು ಕೇಳಿ ತಿಳಿಯಬೇಕು. ಯೂಟ್ಯೂಬ್ ನೋಡಿ ಎತ್ತಿಕೊಂಡು ಕಾರ್ಪೊರೇಟ್ ಕಾರ್ಯಕ್ರಮದಲ್ಲಿ ಬಾರಿಸುವುದು ಸಲ್ಲದು. 1942ರ ಕಥೆ ಗೊತ್ತಿಲ್ಲದೆ ಕ್ಯಾಲಿಫೋರ್ನಿಯಾದಲ್ಲಿ ತೈಕೊ ಬಾರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ನಮ್ಮೂರಿನಲ್ಲಿ ತೈಕೊ ತರಗತಿ ಇಲ್ಲ. ಏನು ಮಾಡಲಿ?

ಹಳೆಯ ಕಾರಿನ ಟೈರ್ ತಂದು, ಬಾಯಿಗೆ ಪ್ಯಾಕಿಂಗ್ ಟೇಪನ್ನು ಅಡ್ಡಡ್ಡ ಸುತ್ತಿ ಬಿಗಿಯಿರಿ, ಕುರ್ಚಿಯ ಮೇಲೆ ಇಡಿ. ಕೋಲು ಚೆನ್ನಾಗಿ ಪುಟಿಯುತ್ತದೆ, ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಇಲ್ಲಿನ ದೊಡ್ಡ ದೊಡ್ಡ ತಂಡಗಳೂ ಹೊಸಬರಿಗೆ ಕೊಡುವುದು ಇದನ್ನೇ.

ಕರ್ನಾಟಕದಲ್ಲಿದ್ದರೆ ಡೊಳ್ಳು ಇದೆಯಲ್ಲ! ಬೀರೇಶ್ವರನ ಪೂಜೆಯ ಜೊತೆ ಬೆಳೆದ, ಕುರುಬ ಸಮುದಾಯ ಕಾಪಾಡಿಕೊಂಡು ಬಂದ ಡೊಳ್ಳು ಕುಣಿತವನ್ನು ಹಿಂದೆ ಗಂಡಸರೇ ಮಾಡುತ್ತಿದ್ದರು. ಈಗ ಮಹಿಳಾ ತಂಡಗಳೂ ಇವೆ. ಭಾರ ಹೊತ್ತು, ಕುಣಿದು, ಒಬ್ಬರನ್ನೊಬ್ಬರು ಕೇಳುತ್ತಾ ಬಾರಿಸುವ ಸುಖ ಅಲ್ಲೂ ಪೂರಾ ಸಿಗುತ್ತದೆ. ತೈಕೊವೇ ಆಗಬೇಕೆಂಬ ಹಟ ಯಾಕೆ?

ಮೊದಲ ದಿನ ಏನು ತರಬೇಕು, ಏನು ಉಡಬೇಕು?

ನೀರಿನ ಬಾಟಲಿ, ಚಿಕ್ಕ ಟವೆಲ್, ಬೊಬ್ಬೆಗೆ ಹಚ್ಚುವ ಪ್ಲಾಸ್ಟರ್, ಇಯರ್‌ಪ್ಲಗ್. ಮಂಡಿ ಸಲೀಸಾಗಿ ಮಡಿಸುವ ಪ್ಯಾಂಟ್, ತೋಳು ಮೇಲೆತ್ತಿದರೆ ಎಳೆಯದ ಟೀಶರ್ಟ್. ಬಳೆ, ಉಂಗುರ ಮನೆಯಲ್ಲೇ ಬಿಡಿ, ಬಾಚಿಗೆ ತಗಲಿ ಬಳೆ ಒಡೆದು ಕೈ ಕೊಯ್ದುಕೊಂಡವರಿದ್ದಾರೆ. ಉದ್ದನೆಯ ತಾಳಿಸರ ಹಾಕುವವರು ಬಟ್ಟೆಯೊಳಗೆ ಸೇರಿಸಿ ಪಿನ್ ಹಾಕಿಕೊಳ್ಳಿ. ಉಗುರು ಕತ್ತರಿಸಿಕೊಂಡು ಬನ್ನಿ. ಊಟ ಮಾಡಿದ ತಕ್ಷಣ ಬರಬೇಡಿ. ಹತ್ತು ನಿಮಿಷ ಮುಂಚೆ ಬಂದರೆ ಡ್ರಮ್ಮು ಇಳಿಸಲು ಒಂದು ಕೈ ಹೆಚ್ಚಾಗುತ್ತದೆ.